ಸೈಕಲ್‌ಗೆ ಮೋಟಾರ್ ಹಾಕಿಸಿದರೆ ಲೈಸೆನ್ಸ್ ಬೇಕೇ?

ಪ್ರಶ್ನೆ: ಹಾಸನದ ಹೊರವಲಯದಲ್ಲಿ ನಮ್ಮ ಮನೆ. ಕೆಲಸಕ್ಕೆ ದಿನಾ ಒಂಬತ್ತು ಕಿಲೋಮೀಟರ್ ಹೋಗಿ ಬರಬೇಕು. ನನ್ನ ಗೇರ್ ಸೈಕಲ್‌ಗೆ ಮೋಟಾರ್ ಕಿಟ್ ಹಾಕಿಸೋಣ ಅಂದುಕೊಂಡಿದ್ದೇನೆ. ಅಂಗಡಿಯವರು 48 ವೋಲ್ಟ್, 750 ವ್ಯಾಟ್‌ನ ಕಿಟ್ ತೋರಿಸಿ, ‘ಪೆಡಲ್ ಇದೆಯಲ್ಲ ಸಾರ್, ಸೈಕಲ್ ಲೆಕ್ಕ, ಲೈಸೆನ್ಸ್ ಬೇಡ’ ಅನ್ನುತ್ತಾರೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಹಳೇ ವೀಡ್ ಕಟ್ಟರ್ ಇಂಜಿನ್ ಕೂರಿಸಿಕೊಡುತ್ತೇನೆ, ಖರ್ಚು ಕಮ್ಮಿ ಅನ್ನುತ್ತಾರೆ. ಸಂಜೆ ಹೊತ್ತು ಹತ್ತನೇ ಕ್ಲಾಸಿನ ಮಗ ಟ್ಯೂಷನ್‌ಗೆ ಅದನ್ನೇ ಒಯ್ಯುತ್ತಾನೆ, ಅವನಿಗೆ 15 ವರ್ಷ. ಕಾನೂನಿಗೆ ಯಾವುದು ಸರಿ? ರಸ್ತೆಯಲ್ಲಿ ಏನೇನು ನೋಡಿಕೊಳ್ಳಬೇಕು?

ಉತ್ತರ: 750 ವ್ಯಾಟ್ ಕಿಟ್ ಬೇಡ. ವೀಡ್ ಕಟ್ಟರ್ ಇಂಜಿನ್ನೂ ಬೇಡ. ಎರಡರಲ್ಲಿ ಯಾವುದನ್ನು ಹಾಕಿಸಿದರೂ ಆ ಕ್ಷಣವೇ ನಿಮ್ಮ ಸೈಕಲ್ ಕಾನೂನಿನ ಕಣ್ಣಲ್ಲಿ ನೋಂದಣಿ ಇಲ್ಲದ ಮೋಟಾರ್ ವಾಹನ ಆಗಿಬಿಡುತ್ತದೆ. ಅದರಲ್ಲೂ ಮಗ ಹತ್ತುತ್ತಾನೆ ಅಂದಮೇಲೆ ಈ ವಿಷಯ ನೀವು ಅಂದುಕೊಂಡಿರುವುದಕ್ಕಿಂತ ಗಂಭೀರ.

ಮೊದಲು ಪೆಡಲ್ ವಿಚಾರ ಮುಗಿಸಿಬಿಡೋಣ. ಲೂನಾ ನೆನಪಿದೆಯಲ್ಲ? 1972ರಲ್ಲಿ ಬಂದ 50 ಸಿಸಿ ಗಾಡಿ. ಪೆಟ್ರೋಲ್ ಖಾಲಿಯಾದರೆ ತುಳಿದುಕೊಂಡೇ ಮನೆಗೆ ಬರಬಹುದಿತ್ತು. ಆದರೂ ಅದಕ್ಕೆ ನಂಬರ್ ಪ್ಲೇಟ್ ಇತ್ತು, ಓಡಿಸಲು ಲೈಸೆನ್ಸ್ ಬೇಕಿತ್ತು. ಪೆಡಲ್ ಇದ್ದ ಮಾತ್ರಕ್ಕೆ ರಿಯಾಯಿತಿ ಅನ್ನುವುದು ನಮ್ಮ ಕಾನೂನಿನಲ್ಲಿ ಯಾವತ್ತೂ ಇರಲಿಲ್ಲ. ಪೆಡಲೇ ಇಲ್ಲದಿದ್ದರೂ ರಿಯಾಯಿತಿ ಸಿಗುವ ಗಾಡಿಗಳಿವೆ. ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುವ ಯುಲು ಬೈಕುಗಳನ್ನು ಲೈಸೆನ್ಸ್ ಇಲ್ಲದೆ ಓಡಿಸಬಹುದು, ಅದಕ್ಕೆ ಕಾರಣ ಅವುಗಳ ಶಕ್ತಿ ಮತ್ತು ವೇಗದ ಮಿತಿ.

ಆ ಮಿತಿ ಏನೆಂದು ಕೇಂದ್ರ ಮೋಟಾರ್ ವಾಹನ ನಿಯಮಗಳು, 1989ರ 2(ಯು) ನಿಯಮ ಹೇಳುತ್ತದೆ. ಮೋಟಾರಿನ ‘ಮೂವತ್ತು ನಿಮಿಷದ ಶಕ್ತಿ’ 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ತೂಕ 60 ಕೆಜಿ ಮೀರಬಾರದು. ತಕ್ಕ ಬ್ರೇಕ್, ಮುಂದೆ ಒಂದು ಬಿಳಿ ರಿಫ್ಲೆಕ್ಟರ್, ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಇರಬೇಕು. ತುಳಿದಾಗ ಮೋಟಾರ್ ಸಹಾಯ ಕೊಡುವ ಸೈಕಲ್ ಆದರೆ ಇನ್ನೊಂದು ಷರತ್ತು ಸೇರುತ್ತದೆ: ವೇಗ ಏರಿದ ಹಾಗೆ ಮೋಟಾರಿನ ಸಹಾಯ ಇಳಿಯುತ್ತಾ ಬಂದು 25ಕ್ಕೆ ಪೂರ್ತಿ ನಿಲ್ಲಬೇಕು, ತುಳಿಯುವುದು ನಿಲ್ಲಿಸಿದರೆ ಅದಕ್ಕೂ ಮೊದಲೇ ನಿಲ್ಲಬೇಕು. ಇಷ್ಟನ್ನೂ ಪೂರೈಸುವ ವಾಹನ ‘ಮೋಟಾರ್ ವಾಹನ’ ಅಲ್ಲ. ಅದಕ್ಕೆ ನೋಂದಣಿ, ಲೈಸೆನ್ಸ್, ಕಡ್ಡಾಯ ವಿಮೆ ಯಾವುದೂ ಬೇಡ.

ಇದೇ ನಿಯಮದಲ್ಲಿ ಒಂದು ಮಾತಿದೆ, ಅಂಗಡಿಯವರು ಅದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಈ ಷರತ್ತುಗಳು ಪೂರೈಕೆಯಾಗಿವೆ ಎಂದು 126ನೇ ನಿಯಮದಲ್ಲಿ ಹೆಸರಿಸಿರುವ ಪರೀಕ್ಷಾ ಸಂಸ್ಥೆಯೊಂದು ಪರಿಶೀಲಿಸಿ ಒಪ್ಪಿಗೆ ಕೊಟ್ಟಿರಬೇಕು. ಪುಣೆಯ ಎಆರ್‌ಎಐ, ಮಾನೇಸರ್‌ನ ಐಕ್ಯಾಟ್ ಇಂಥ ಸಂಸ್ಥೆಗಳು. ಅವರು ಒಪ್ಪಿಗೆ ಕೊಡುವುದು ಇಡೀ ವಾಹನದ ಮಾದರಿಗೆ: ಈ ಫ್ರೇಮು, ಈ ಮೋಟಾರು, ಈ ಕಂಟ್ರೋಲರು (ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಡಬ್ಬಿ), ಈ ಬ್ರೇಕು, ಎಲ್ಲ ಸೇರಿ. ಹಾಗಾಗಿ ಬಿಡಿ ಕಿಟ್ ತಂದು ಮನೆಯ ಸೈಕಲ್‌ಗೆ ಜೋಡಿಸಿದರೆ, ಮೋಟಾರ್ ನಿಜಕ್ಕೂ 250 ವ್ಯಾಟ್‌ನದೇ ಆಗಿದ್ದರೂ, ಆ ಜೋಡಣೆಯನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಕಿಟ್‌ನ ಡಬ್ಬದ ಮೇಲೆ ಸಿಇ ಮುದ್ರೆ ಇದ್ದರೂ ಪ್ರಯೋಜನವಿಲ್ಲ, ಅದು ಯುರೋಪಿನ ಮಾರುಕಟ್ಟೆಗೆ ಸಂಬಂಧಿಸಿದ್ದು. ನಾಳೆ ಏನಾದರೂ ಅವಘಡವಾಗಿ ಪ್ರಶ್ನೆ ಎದ್ದರೆ ‘ಇದು ಮೋಟಾರ್ ವಾಹನ ಅಲ್ಲ’ ಎಂದು ತೋರಿಸಲು ನಿಮ್ಮ ಕೈಯಲ್ಲಿ ಕಾಗದ ಇರುವುದಿಲ್ಲ. ಈ ಕಾರಣಕ್ಕೇ ಕಂಪನಿಯಿಂದ ಮೋಟಾರ್ ಸಮೇತ ಬರುವ, ಒಪ್ಪಿಗೆ ಪತ್ರ ಇರುವ ಇ-ಸೈಕಲ್ ತೆಗೆದುಕೊಳ್ಳಿ ಎನ್ನುತ್ತೇನೆ. ಬೆಲೆ ಹೆಚ್ಚು, ನಿಜ. ಆದರೆ ಹೆಚ್ಚಿನ ದುಡ್ಡಿಗೆ ಸಿಗುವುದು ಈ ಭದ್ರತೆ.

‘250 ವ್ಯಾಟ್’ ಎಂಬ ಸ್ಟಿಕ್ಕರನ್ನೂ ಕಣ್ಣುಮುಚ್ಚಿ ನಂಬಬೇಡಿ. ಮೂವತ್ತು ನಿಮಿಷದ ಶಕ್ತಿ ಅಂದರೆ ಮೋಟಾರ್ ಅರ್ಧ ಗಂಟೆ ಎಡೆಬಿಡದೆ ಕೊಡಬಲ್ಲ ಗರಿಷ್ಠ ಶಕ್ತಿ. ಏರಿನಲ್ಲಿ ಕೆಲವು ಸೆಕೆಂಡು 400 ವ್ಯಾಟ್ ಎಳೆದರೆ ಅದೇನೂ ತಪ್ಪಲ್ಲ. ಆದರೆ ಸ್ಟಿಕ್ಕರ್ ಒಂದು ಹೇಳಿ ಕಂಟ್ರೋಲರ್ ಇನ್ನೊಂದು ಮಾಡುವ ಗಾಡಿಗಳು ಬೇಕಾದಷ್ಟಿವೆ. ಕಂಟ್ರೋಲರ್ ಡಬ್ಬಿಯ ಮೇಲೆ ವೋಲ್ಟೂ ಆಂಪಿಯರೂ ಬರೆದಿರುತ್ತದೆ, ಎರಡನ್ನೂ ಗುಣಿಸಿ. 36 ವೋಲ್ಟ್, 14 ಆಂಪಿಯರ್ ಇದ್ದರೆ ಬ್ಯಾಟರಿಯಿಂದ ಅದು ಎಳೆಯಬಲ್ಲದ್ದು ಹೆಚ್ಚೆಂದರೆ 504 ವ್ಯಾಟ್, ಅದೂ ಏರಿನಲ್ಲಿ. 48 ವೋಲ್ಟ್, 22 ಆಂಪಿಯರ್ ಇದ್ದರೆ 1,056 ವ್ಯಾಟ್. ಅಂಥ ಕಂಟ್ರೋಲರ್ ಜೊತೆ ಬಂದ ಹಬ್ ಮೋಟಾರಿನ (ಚಕ್ರದ ನಡುವೆಯೇ ಕೂರುವ ಮೋಟಾರ್) ಮೇಲೆ 250 ಎಂದು ಬರೆದಿದ್ದರೆ ಅನುಮಾನ ಪಡಲೇಬೇಕು.

ವೇಗಕ್ಕೂ ಇಂಥದೇ ಲೆಕ್ಕ ಇದೆ. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.07 ಮೀಟರ್ ಸಾಗುತ್ತದೆ. ಗಂಟೆಗೆ 25 ಕಿಲೋಮೀಟರ್ ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 200 ಸುತ್ತು. ಹಬ್ ಮೋಟಾರಿನ ಮೇಲೆ 328 ಆರ್‌ಪಿಎಂ (ನಿಮಿಷಕ್ಕೆ 328 ಸುತ್ತು) ಎಂದು ಕೊರೆದಿದ್ದರೆ ಅದು 40ರ ಗಾಡಿ. ಅದನ್ನು ಸೆಟ್ಟಿಂಗ್‌ನಲ್ಲಿ ಕಟ್ಟಿಹಾಕಿರುತ್ತಾರೆ ಅಷ್ಟೆ. ಹಲವು ಕಂಟ್ರೋಲರ್‌ಗಳಿಂದ ಸಣ್ಣ ಬಿಳಿ ವೈರೊಂದು ಹೊರಬಂದು, ತನ್ನದೇ ಇನ್ನೊಂದು ತುದಿಗೆ ಕನೆಕ್ಟರ್‌ನಲ್ಲಿ ಕೂಡಿಕೊಂಡಿರುತ್ತದೆ. ವೇಗದ ಬೀಗ ಅದೇ. ಆ ಕನೆಕ್ಟರ್ ಎಳೆದರೆ ಬೀಗ ಬಿಡುತ್ತದೆ. ‘ಫ್ರೀ ಆಗಿ ಅನ್‌ಲಾಕ್ ಮಾಡಿಕೊಡ್ತೀವಿ’ ಅಂದರೆ ಮಾಡುವ ಕೆಲಸ ಇಷ್ಟೆ, ಎರಡು ಸೆಕೆಂಡಿನದು. ಆ ಎರಡು ಸೆಕೆಂಡಿನಲ್ಲಿ ಒಪ್ಪಿಗೆ ಪತ್ರ ಬೆಲೆ ಕಳೆದುಕೊಳ್ಳುತ್ತದೆ.

ಡಿಸ್‌ಪ್ಲೇಯಲ್ಲೂ ಮೋಸ ನಡೆಯುತ್ತದೆ. ಕೆಲವು ಸಲ ಅದು ಮೋಸವಲ್ಲ, ಬರೀ ಅಜಾಗ್ರತೆ. 26 ಇಂಚಿನ ಚಕ್ರಕ್ಕೆ ಸೆಟ್ಟಿಂಗ್‌ನಲ್ಲಿ 20 ಎಂದು ಹಾಕಿದ್ದರೆ, ಗಾಡಿ 32ರಲ್ಲಿ ಓಡುತ್ತಿರುವಾಗ ಡಿಸ್‌ಪ್ಲೇ 25 ತೋರಿಸುತ್ತದೆ. ಅದಕ್ಕೆ ಮೊಬೈಲ್ ಜಿಪಿಎಸ್ ಹಾಕಿಕೊಂಡು ಸಪಾಟು ರಸ್ತೆಯಲ್ಲಿ ಒಮ್ಮೆ ಓಡಿಸಿ ನೋಡಿ. ಸ್ಟ್ಯಾಂಡ್ ಹಾಕಿ ಚಕ್ರ ಗಾಳಿಯಲ್ಲಿ ತಿರುಗಿಸಿ ನೋಡಿದರೆ ಆಗದು, ಭಾರವಿಲ್ಲದಾಗ ಚಕ್ರ ಯಾವಾಗಲೂ ಹೆಚ್ಚೇ ತಿರುಗುತ್ತದೆ. ಇಳಿಜಾರಿನಲ್ಲಿ ಅಥವಾ ನೀವೇ ಜೋರಾಗಿ ತುಳಿದು 30 ಮುಟ್ಟಿದರೆ ಅದು ತಪ್ಪಲ್ಲ. ಆ ವೇಗದಲ್ಲಿ ಮೋಟಾರ್ ತಳ್ಳುತ್ತಿರಬಾರದು, ನಿಯಮ ಕೇಳುವುದು ಅದನ್ನು.

ಅಮೆರಿಕದಲ್ಲಿರುವ ಮಕ್ಕಳೋ ನೆಂಟರೋ ಅಲ್ಲಿಯ ಇ-ಬೈಕ್ ತಂದುಕೊಡುತ್ತೇನೆ ಅಂದರೂ ಇದೇ ತೊಡಕು. ಅಲ್ಲಿಯ ಕೇಂದ್ರ ಕಾನೂನಿನ ಮಿತಿ 750 ವ್ಯಾಟ್, ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್. ಹಲವು ರಾಜ್ಯಗಳು ‘ಮೂರನೇ ದರ್ಜೆ’ಗೆ 28 ಮೈಲಿವರೆಗೂ ಬಿಡುತ್ತವೆ. ಅಲ್ಲಿ ಸೈಕಲ್ ಅನ್ನಿಸಿಕೊಳ್ಳುವ ಆ ಗಾಡಿ ಇಲ್ಲಿ ಮೋಟಾರ್ ವಾಹನ. ನಿಮ್ಮ ಅಂಗಡಿಯವರು ಹೇಳುವ 750ರ ಮೂಲವೂ ಬಹುಶಃ ಇದೇ.

ಈಗ ವೀಡ್ ಕಟ್ಟರ್ ಇಂಜಿನ್. ಮೋಟಾರ್ ವಾಹನ ಕಾಯ್ದೆ, 1988ರ 2(28)ನೇ ಸೆಕ್ಷನ್ ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು ಇಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರ್ ವಾಹನವಲ್ಲ. ನಿಮ್ಮ ಮೆಕ್ಯಾನಿಕ್ ಇದನ್ನು ಎಲ್ಲೋ ಕೇಳಿರಬೇಕು. ಆದರೆ ಸಕಲೇಶಪುರ ಕಡೆಯ ಕಾಫಿ ತೋಟಗಳಲ್ಲಿ ಕಳೆ ಹೊಡೆಯುವ ಯಂತ್ರಗಳ ಇಂಜಿನ್ ಸಾಮಾನ್ಯವಾಗಿ 35, 43 ಅಥವಾ 52 ಸಿಸಿ ಇರುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಪೆಟ್ರೋಲ್ ಸೈಕಲ್ ಕಿಟ್‌ಗಳು ಹೆಚ್ಚಾಗಿ 48 ಸಿಸಿ ಅಥವಾ ಅದಕ್ಕಿಂತ ದೊಡ್ಡವು. ಇವೆಲ್ಲ ಮಿತಿ ದಾಟಿದವು, ನೋಂದಣಿ ಮಾಡಿಸೋಣ ಎಂದರೆ ಆರ್‌ಟಿಒದಲ್ಲಿ ತೋರಿಸಲು ಮಾದರಿ ಒಪ್ಪಿಗೆಯೂ ಇಲ್ಲ, ಹೊಗೆಯ ಪ್ರಮಾಣಪತ್ರವೂ ಇಲ್ಲ. ನಿಜಕ್ಕೂ 25 ಸಿಸಿಯದೇ ಸಿಕ್ಕಿತು ಅಂದುಕೊಳ್ಳಿ, ಆಗಲೂ ನಾನು ಬೇಡ ಅನ್ನುತ್ತೇನೆ. ಸೈಕಲ್ಲಿನ ಚೈನು, ಹಿಂದಿನ ಹಬ್ಬು, ರಿಮ್ಮು ಇಂಜಿನ್ನಿನ ನಡುಕಕ್ಕೆ ಮಾಡಿದ್ದಲ್ಲ. ಸ್ಪೋಕಿಗೆ ಬೋಲ್ಟ್ ಹಾಕಿ ಹಿಡಿಸಿದ ಸ್ಪ್ರಾಕೆಟ್ ಸ್ವಲ್ಪ ವಾಲಿದರೂ ಚೈನ್ ಕಳಚಿ ಹಿಂದಿನ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಓಡುತ್ತಿರುವ ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತದೆ. ಹಿಂದಿನ ಚಕ್ರ ಜಾರಿ ಸವಾರ ರಸ್ತೆಗೆ ಬೀಳುವುದು ಹೀಗೇ.

ದಂಡದ ವಿಷಯ. ಮೋಟಾರ್ ವಾಹನ ಎಂದು ಲೆಕ್ಕಕ್ಕೆ ಬಂದರೆ ತಪ್ಪುಗಳು ಒಂದರ ಹಿಂದೆ ಒಂದು ಸೇರುತ್ತವೆ. ನೋಂದಣಿ ಇಲ್ಲದ್ದಕ್ಕೆ 192ನೇ ಸೆಕ್ಷನ್, ಮೊದಲ ಸಲ 2,000ದಿಂದ 5,000 ರೂಪಾಯಿ. ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ 181, 5,000 ರೂಪಾಯಿ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ವಿಮೆ ಇಲ್ಲದ್ದಕ್ಕೆ 196, 2,000 ರೂಪಾಯಿ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಹೆಲ್ಮೆಟ್ ಬೇರೆ. ಇವು ಕಾಯ್ದೆಯಲ್ಲಿರುವ ಅಂಕಿಗಳು. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ಮೊತ್ತವನ್ನು ಕೆಲವು ತಪ್ಪುಗಳಿಗೆ ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ, ಕರ್ನಾಟಕ 2019ರಲ್ಲಿ ಕೆಲವನ್ನು ಇಳಿಸಿದೆ.

ಮಗನ ವಿಷಯಕ್ಕೆ ಬಂದರೆ 199ಎ ಸೆಕ್ಷನ್ ಓದಲೇಬೇಕು. ಅಪ್ರಾಪ್ತ ವಯಸ್ಸಿನವರು ಮೋಟಾರ್ ವಾಹನ ಓಡಿಸಿ ತಪ್ಪು ಮಾಡಿದರೆ ತಪ್ಪಿತಸ್ಥರು ಪೋಷಕರು ಅಥವಾ ವಾಹನದ ಮಾಲೀಕರು. ಶಿಕ್ಷೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಹುಡುಗನಿಗೆ 25 ವರ್ಷ ಆಗುವವರೆಗೆ ಎಲ್‌ಎಲ್‌ಆರ್ ಸಿಗುವುದಿಲ್ಲ. ನಿಮಗೆ ಗೊತ್ತಿಲ್ಲದೆ ಅಥವಾ ನೀವು ಸಾಕಷ್ಟು ತಡೆದರೂ ಕೇಳದೆ ಒಯ್ದ ಎಂದು ನೀವೇ ಸಾಬೀತು ಮಾಡಬೇಕು. ಟ್ಯೂಷನ್‌ಗೆ ಒಯ್ಯಲಿ ಎಂದು ನೀವೇ ಹಾಕಿಸಿಕೊಟ್ಟ ಕಿಟ್ ಆದರೆ ಆ ಮಾತು ನಿಲ್ಲುವುದಿಲ್ಲ. ರಿಯಾಯಿತಿ ಇರುವ ಇ-ಸೈಕಲ್‌ಗೆ ಕಾಯ್ದೆಯಲ್ಲಿ ವಯಸ್ಸಿನ ಮಿತಿ ಇಲ್ಲ. ಹಾಗಾಗಿ ಒಪ್ಪಿಗೆ ಪಡೆದ ಮಾದರಿಯಾದರೆ ಅವನು ಓಡಿಸಬಹುದು, ಆದರೆ ಬೀಗ ಬಿಚ್ಚಿದ ದಿನವೇ 199ಎ ಮತ್ತೆ ಬಾಗಿಲಿಗೆ ಬರುತ್ತದೆ. ಆ ಬಿಳಿ ವೈರಿನ ಕನೆಕ್ಟರನ್ನು ಹುಡುಗನ ಗೆಳೆಯರು ಯೂಟ್ಯೂಬ್ ನೋಡಿ ಎಳೆಯುತ್ತಾರೆ. ತಿಂಗಳಿಗೊಮ್ಮೆ ಜಿಪಿಎಸ್ ಹಾಕಿ ನೀವೇ ಓಡಿಸಿ ನೋಡಿ.

ದಂಡಕ್ಕಿಂತ ದೊಡ್ಡ ಹೊರೆ ಪರಿಹಾರದ್ದು, ಅದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಮೋಟಾರ್ ಹಾಕಿಸಿದ, ನೋಂದಣಿ ಇಲ್ಲದ ನಿಮ್ಮ ಸೈಕಲ್ ಗುದ್ದಿ ಯಾರಾದರೂ ವೃದ್ಧರ ಸೊಂಟ ಮುರಿಯಿತು ಅಂದುಕೊಳ್ಳಿ. ಅವರು ಮೋಟಾರ್ ಅಪಘಾತ ನ್ಯಾಯಮಂಡಳಿಗೆ ಹೋಗುತ್ತಾರೆ, ಪರಿಹಾರ ಆದೇಶವಾಗುತ್ತದೆ, ಥರ್ಡ್ ಪಾರ್ಟಿ ವಿಮೆ ಇಲ್ಲದ ಕಾರಣ ಪೂರ್ತಿ ಮೊತ್ತ ನಿಮ್ಮ ಸಂಬಳ, ಸೈಟು, ಮನೆಯ ಮೇಲೆ ಬೀಳುತ್ತದೆ. ರಿಯಾಯಿತಿಯ ಇ-ಸೈಕಲ್ ಆದರೂ ಹೊಣೆಯಿಂದ ಪಾರಾಗುವುದಿಲ್ಲ. ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದು. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ನಿನಲ್ಲಿ ‘ಯಾವುದೇ ವಾಹನ’ ಎಂದಿರುವುದರಿಂದ ಅಜಾಗರೂಕ ಸವಾರಿಗೆ ಸೈಕಲ್ ಸವಾರನ ಮೇಲೂ ಕೇಸು ಹಾಕಬಹುದು. ಆದರೆ ಕಾರು ನಿಮಗೆ ಗುದ್ದಿದಾಗ ಕಾಗದ ಸರಿ ಇರುವುದು ನಿಮ್ಮ ಪರವಾಗಿ ನಿಲ್ಲುತ್ತದೆ. ಲೈಸೆನ್ಸ್ ಇಲ್ಲದೆ ನೋಂದಣಿ ಇಲ್ಲದ ಗಾಡಿ ಓಡಿಸುತ್ತಿದ್ದರು ಎಂಬ ವಾದವನ್ನು ಎದುರು ವಕೀಲರು ಎತ್ತಲು ದಾರಿಯೇ ಇರುವುದಿಲ್ಲ.

ಕೊಳ್ಳುವಾಗ ಒಪ್ಪಿಗೆ ಪತ್ರದ ಜೆರಾಕ್ಸ್ ಕೇಳಿ. ಅದರಲ್ಲಿರುವ ಮಾದರಿಯ ಹೆಸರು, ಮೋಟಾರಿನ ಶಕ್ತಿ, ಬಿಲ್ಲಿನಲ್ಲಿರುವ ಹೆಸರು, ಫ್ರೇಮ್ ಮೇಲಿನ ಹೆಸರು ಒಂದಕ್ಕೊಂದು ತಾಳೆಯಾಗಬೇಕು. ಕಂಪನಿಯ ಇನ್ನೊಂದು ಮಾದರಿಯ ಪತ್ರ ತೋರಿಸಿ ಸಾಗಹಾಕುವುದುಂಟು. ಫ್ರೇಮ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಕಳುವಾದರೆ ಅದೇ ಆಧಾರ. ಎರಡರ ಫೋಟೋ ಮೊಬೈಲ್‌ನಲ್ಲಿರಲಿ. ಪೊಲೀಸರು ನಿಲ್ಲಿಸಿದರೆ ‘2(ಯು) ನಿಯಮದ ರಿಯಾಯಿತಿ ಇದೆ ಸಾರ್, ಇದು ಪತ್ರ’ ಎಂದು ತೋರಿಸಿದರೆ ಮಾತು ಅಲ್ಲಿಗೆ ಮುಗಿಯುವ ಸಾಧ್ಯತೆ ಹೆಚ್ಚು. ನಿಮ್ಮ ದಾರಿಯಲ್ಲಿ ಏರು ಹೆಚ್ಚಿದ್ದು 250 ವ್ಯಾಟ್ ಸಾಲದು ಅನ್ನಿಸಿದರೆ ನೋಂದಣಿಯಾಗುವ ಇ-ಸ್ಕೂಟರೇ ತೆಗೆದುಕೊಳ್ಳಿ. ಬ್ಯಾಟರಿ ವಾಹನಗಳ ಆರ್‌ಸಿ ಶುಲ್ಕವನ್ನು ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲೇ ತೆಗೆದುಹಾಕಿದೆ.

ಇನ್ನು ರಸ್ತೆಯ ಮೇಲಿನ ನಡವಳಿಕೆ. 25ರ ವೇಗದಲ್ಲಿ ನೀವು ಸೆಕೆಂಡಿಗೆ ಸುಮಾರು 7 ಮೀಟರ್ ಸಾಗುತ್ತೀರಿ. ಎದುರಿಗೆ ನಾಯಿ ಬಂದದ್ದು ಕಂಡು ಕೈ ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲಿ 10 ಮೀಟರ್ ಹೋಗಿರುತ್ತದೆ, ಒಳ್ಳೆಯ ಬ್ರೇಕಿದ್ದರೆ ನಿಲ್ಲಲು ಇನ್ನೂ 6 ಮೀಟರ್ ಬೇಕು. ಅದೇ 40ರಲ್ಲಿ ಒಟ್ಟು ಸುಮಾರು 32 ಮೀಟರ್, ಎರಡರಷ್ಟು. 25ರ ಮಿತಿ ಎಷ್ಟು ಮುಖ್ಯ ಎಂದು ಈ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಸೈಕಲ್ ಹೆಲ್ಮೆಟ್‌ನ ಯುರೋಪಿನ ಪರೀಕ್ಷೆಯೂ ಸುಮಾರು 20 ಕಿಲೋಮೀಟರ್ ವೇಗದ ಹೊಡೆತಕ್ಕೆ ಮಾಡುವಂಥದ್ದು. ರಿಯಾಯಿತಿಯ ಇ-ಸೈಕಲ್‌ಗೆ ಹೆಲ್ಮೆಟ್ ಕಡ್ಡಾಯವಲ್ಲ, ಆದರೂ ಹಾಕಿ, ಮಗನಿಗೂ ಹಾಕಿಸಿ.

ಮೋಟಾರ್ ಇರುವ ಸೈಕಲ್ಲಿನಲ್ಲಿ ಹೊಸಬರು ಬೀಳುವುದು ಹೆಚ್ಚಾಗಿ ನಿಧಾನದಲ್ಲೇ. ತುಳಿಯುವುದು ನಿಲ್ಲಿಸಿದ ಮೇಲೂ ತುಳಿತವನ್ನು ಗುರುತಿಸುವ ಕಡಿಮೆ ಬೆಲೆಯ ಸೆನ್ಸರ್‌ಗಳಲ್ಲಿ ಮೋಟಾರ್ ಅರೆಕ್ಷಣ ತಳ್ಳುತ್ತಲೇ ಇರುತ್ತದೆ. ಸಂದಿಯ ತಿರುವಿನಲ್ಲಿ, ಮರಳು ಬಿದ್ದ ಕಡೆ ಆ ಅರೆಕ್ಷಣ ಸಾಕು ಚಕ್ರ ಜಾರಲು. ಹಾಗಾಗಿ ಬ್ರೇಕ್ ಹಿಡಿದರೆ ಮೋಟಾರಿನ ಕರೆಂಟ್ ಕಟ್ಟಾಗುವ ಲಿವರ್ ಇರಲೇಬೇಕು. ಪರೀಕ್ಷಿಸುವುದು ಸುಲಭ: ಹಿಂದಿನ ಚಕ್ರ ಎತ್ತಿ ಹಿಡಿದು ಥ್ರಾಟಲ್ ಕೊಟ್ಟು ತಿರುಗಿಸಿ, ಬ್ರೇಕ್ ಲಿವರನ್ನು ಪ್ಯಾಡ್ ರಿಮ್ಮಿಗೆ ತಾಗದಷ್ಟು ಮಾತ್ರ ಎಳೆಯಿರಿ. ಮೋಟಾರಿನ ಸದ್ದು ಆಗಲೇ ನಿಲ್ಲಬೇಕು. ಥ್ರಾಟಲ್ ಇಲ್ಲದ ಸೈಕಲ್ಲಾದರೆ ಪೆಡಲನ್ನು ಕೈಯಲ್ಲಿ ತಿರುಗಿಸುತ್ತಾ ಇದನ್ನೇ ಮಾಡಿ. ಲಿವರ್ ಅರ್ಧ ಬಂದ ಮೇಲೆ ನಿಂತರೆ ಒಳಗಿನ ಸ್ವಿಚ್ ಸರಿಮಾಡಿಸಿ. ಎರಡು ಬ್ರೇಕಿಗೂ ಇದನ್ನು ಮಾಡಿ. ಸಿಗ್ನಲ್‌ನಲ್ಲಿ ನಿಂತಾಗ ಅಸಿಸ್ಟ್ (ಮೋಟಾರಿನ ಸಹಾಯದ ಮಟ್ಟ) ಸೊನ್ನೆಗೆ ಇಳಿಸಿ. ಇಲ್ಲದಿದ್ದರೆ ಕಾಲು ಪೆಡಲಿನ ಮೇಲೆ ಸರಿದಾಗಲೇ ಗಾಡಿ ಮುಂದಿನವರ ಬಂಪರಿಗೆ ಹಾರುತ್ತದೆ.

ಸದ್ದಿಲ್ಲದಿರುವುದು ಈ ಗಾಡಿಯ ದೊಡ್ಡ ಅಪಾಯ. ನಡೆಯುವವರು ಹಿಂದೆ ನೋಡುವುದು ಕಿವಿಯಿಂದ. ಅವರ ಪಕ್ಕ ಹೋಗುವಾಗ ಹತ್ತು ಮೀಟರ್ ಮೊದಲೇ ಬೆಲ್ ಹೊಡೆಯಿರಿ, ವೇಗ 12–15ಕ್ಕೆ ಇಳಿಸಿ. ಫುಟ್‌ಪಾತ್ ಹತ್ತಬೇಡಿ. ಸೈಕಲ್ ಅಂದುಕೊಂಡು ರಾಂಗ್ ಸೈಡಿನಲ್ಲಿ ಬರುವ ಅಭ್ಯಾಸ ನಮ್ಮಲ್ಲಿ ತುಂಬ ಇದೆ. ಮೋಟಾರ್ ಇದ್ದಾಗ ಅದು ಇಮ್ಮಡಿ ಅಪಾಯ, ಅಡ್ಡರಸ್ತೆಯಿಂದ ಬರುವವರು ನಿಮ್ಮ ಕಡೆ ನೋಡುವುದೇ ಇಲ್ಲ. ನಿಲ್ಲಿಸಿದ ಕಾರುಗಳಿಂದ ಒಂದು ಮೀಟರ್ ದೂರ ಇರಿ, ಬಾಗಿಲು ತೆರೆದರೆ ಅಷ್ಟು ಜಾಗ ಬೇಕು. ಬಸ್ ಎಡಕ್ಕೆ ತಿರುಗುವ ಜಾಗದಲ್ಲಿ ಅದರ ಎಡಪಕ್ಕ ನುಗ್ಗಲೇಬೇಡಿ. ಮೋಟಾರಿನ ಬಲ ಇರುವುದರಿಂದ ನುಗ್ಗುವ ಆಸೆ ಬರುತ್ತದೆ, ಹಿಂದೆಯೇ ನಿಲ್ಲಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೂ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಯಾವ ಹೆಸರಿನ ಗಾಡಿಯಾದರೂ ಅಲ್ಲಿ ಸರ್ವಿಸ್ ರಸ್ತೆಯೇ. ಹಾಸನದ ಬಳಿಯ ಹೆದ್ದಾರಿಯಲ್ಲೂ ಸರ್ವಿಸ್ ರಸ್ತೆ ಇರುವಷ್ಟು ದೂರ ಅದನ್ನೇ ಬಳಸಿ.

ಈಗಾಗಲೇ ಕಿಟ್ ಹಾಕಿಸಿಕೊಂಡಿರುವವರು ಹಬ್ ಮೋಟಾರಿನ ಆಕ್ಸಲ್ ಒಮ್ಮೆ ನೋಡಿ. ಅದರ ಎರಡು ಪಕ್ಕ ಚಪ್ಪಟೆ ಇರುತ್ತದೆ, ಫೋರ್ಕಿನ ಸಂದಿಯಲ್ಲಿ ಅದು ತಿರುಗದಂತೆ ಹಿಡಿದಿರುವುದು ಆ ಚಪ್ಪಟೆ ಭಾಗವೇ. ಮೋಟಾರ್ ಚಕ್ರವನ್ನು ಮುಂದಕ್ಕೆ ತಳ್ಳಿದಷ್ಟೇ ಬಲದಿಂದ ಆಕ್ಸಲನ್ನು ಹಿಂದಕ್ಕೆ ತಿರುಚುತ್ತದೆ. ಅಲ್ಯೂಮಿನಿಯಂ ಫೋರ್ಕಿನಲ್ಲಿ ಆ ಸಂದಿ ಕ್ರಮೇಣ ಅಗಲವಾಗಿ, ಒಂದು ದಿನ ಆಕ್ಸಲ್ ಗಿರಕಿ ಹೊಡೆದು ವೈರ್ ಹರಿದುಕೊಂಡು ಚಕ್ರವೇ ಕಳಚುತ್ತದೆ. ಮುಂದಿನ ಚಕ್ರದ ಮೋಟಾರ್ ಆದರೆ ಬಿದ್ದವರ ಹಲ್ಲು ಉಳಿಯುವುದು ಕಷ್ಟ. ಸ್ಟೀಲಿನ ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಫೋರ್ಕಿಗೆ ಹಿಡಿಸುವ ಪಟ್ಟಿ) ಹಾಕಿಸಿ, ನಟ್ಟಿಗೂ ಫೋರ್ಕಿಗೂ ಸೇರಿಸಿ ಒಂದು ಗೀಟು ಬಣ್ಣ ಎಳೆದಿಡಿ. ಗೀಟು ಮುರಿದು ಕಂಡರೆ ಆಕ್ಸಲ್ ಸರಿದಿದೆ ಎಂದು ಅರ್ಥ, ಅವತ್ತು ಗಾಡಿ ಹತ್ತಬೇಡಿ.

ಬ್ಯಾಟರಿಗೆ ಅದರದೇ ಚಾರ್ಜರ್ ಬಳಸಿ. 36 ವೋಲ್ಟಿನ ಲಿಥಿಯಂ ಪ್ಯಾಕ್ 42 ವೋಲ್ಟಿಗೆ ತುಂಬುತ್ತದೆ, 48ರ ಚಾರ್ಜರಿನ ಪಿನ್ನೂ ಎಷ್ಟೋ ಸಲ ಅದಕ್ಕೇ ಕೂರುತ್ತದೆ. ಮನೆಯ ಬಾಗಿಲಿನ ಬಳಿ, ಮೆಟ್ಟಿಲ ಕೆಳಗೆ ಇಟ್ಟು ರಾತ್ರಿಯಿಡೀ ಚಾರ್ಜ್ ಮಾಡಬೇಡಿ. ಬೆಂಕಿ ಹತ್ತಿದರೆ ಹೊರಗೆ ಓಡುವ ದಾರಿ ಅದೇ ಆಗಿರುತ್ತದೆ.